ಬಾಳಿಕೆ ಬಂದಷ್ಟೂ ಅಪಾಯ: ನಾಯಿಯ ಚ್ಯೂ ಆಯ್ಕೆಯ ಸುತ್ತ ಇಷ್ಟೊಂದು ಗೊಂದಲವೇಕೆ?

2024ರ ಕೊನೆಯ ತಿಂಗಳುಗಳಲ್ಲಿ ಯುರೋಪಿನಿಂದ ವಿಚಿತ್ರ ಸುದ್ದಿಯೊಂದು ಬಂತು. ಜರ್ಮನಿ, ಫಿನ್ಲೆಂಡ್ ಮೊದಲಾದ ದೇಶಗಳಲ್ಲಿ, ಅದುವರೆಗೆ ಆರೋಗ್ಯವಾಗಿಯೇ ಇದ್ದ ನಾಯಿಗಳು ಇದ್ದಕ್ಕಿದ್ದಂತೆ ಊಳಿಡತೊಡಗಿದವು. ಕಾರಣವಿಲ್ಲದೆ ಬೆದರಿ ಮನೆಯೆಲ್ಲ ಓಡಾಡಿದವು, ಕೆಲವಕ್ಕೆ ಮೂರ್ಛೆರೋಗದಂಥ ಸೆಳೆತ ಬಂತು. ಪತ್ರಿಕೆಗಳು ಇದಕ್ಕೆ ‘ತೋಳಮಾನವ ಕಾಯಿಲೆ’ ಎಂದು ಹೆಸರಿಟ್ಟವು. ಹೆಸರು ಭಯಾನಕವಾಗಿದ್ದರೂ ಹೆಚ್ಚಿನ ನಾಯಿಗಳು ಚೇತರಿಸಿಕೊಂಡವು. ಅನಾರೋಗ್ಯಕ್ಕೆ ಬಿದ್ದ ನಾಯಿಗಳಲ್ಲಿ ಹಲವು ಚೀನಾದಲ್ಲಿ ತಯಾರಾದ, ತೊಗಲಿನಿಂದ ಮಾಡಿದ ಅಗಿಯುವ ‘ಮೂಳೆ’ಗಳನ್ನು ತಿಂದಿದ್ದವು ಎಂಬ ಎಳೆ ಸಿಕ್ಕಿದ ಮೇಲೆ ಅಧಿಕಾರಿಗಳು ಎಚ್ಚರಿಕೆ ಕೊಟ್ಟರು, ಮಾರಾಟಗಾರರು ಕೆಲವು ಉತ್ಪನ್ನಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಆ ಹೊತ್ತಿಗೆ ಯಾವ ವಿಷ ಎಂಬುದು ಮಾತ್ರ ಪತ್ತೆಯಾಗಿರಲಿಲ್ಲ.

ಇಂಥ ಸುದ್ದಿ ಓದಿದವರು ಮೊದಲು ಮಾಡುವ ಕೆಲಸ, ತಮ್ಮ ನಾಯಿಗೆ ಕೊಡುತ್ತಿರುವುದನ್ನು ಬದಲಿಸುವುದು. ಬದಲಿಗೆ ಯಾವ ಚ್ಯೂ, ಅಂದರೆ ನಾಯಿ ಅಗಿಯಲೆಂದು ಕೊಡುವ ತಿನಿಸು, ಕೊಡಬೇಕೆಂದು ಹುಡುಕಲು ಹೊರಟರೆ ಗೊಂದಲ ಇಮ್ಮಡಿಯಾಗುತ್ತದೆ. ತೊಗಲು ಬೇಡ, ಜಿಂಕೆಯ ಕೊಂಬು ಕೊಡಿ ಎನ್ನುವವರಿದ್ದಾರೆ. ಕೊಂಬು ಹಲ್ಲು ಮುರಿಯುತ್ತದೆ, ಹಸಿ ಮೂಳೆಯೇ ವಾಸಿ ಎನ್ನುವವರಿದ್ದಾರೆ. ಹಸಿ ಮೂಳೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆ, ಹಲ್ಲು ಶುಚಿಮಾಡುವ ಚ್ಯೂ ಕೊಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಅದನ್ನು ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮತ್ತೊಬ್ಬರು ಹೆದರಿಸುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಎನ್ನುವುದೇ ಇಲ್ಲಿನ ನಿಜವಾದ ತೊಡಕು.

ಒಂದೇ ಪದದೊಳಗೆ ಮೂರು ಪ್ರಶ್ನೆ

‘ಇದು ಸುರಕ್ಷಿತವೇ?’ ಎಂದು ಕೇಳಿದಾಗ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಕೇಳುತ್ತಿರುತ್ತೇವೆ. ಮೊದಲನೆಯದು ರಸಾಯನದ್ದು: ಇದರಲ್ಲಿ ವಿಷವೋ ರೋಗಾಣುವೋ ಇದೆಯೇ? ಎರಡನೆಯದು ಯಾಂತ್ರಿಕವಾದದ್ದು: ಇದು ಹಲ್ಲು ಮುರಿಯುತ್ತದೆಯೇ, ಗಂಟಲಲ್ಲಿ ಅಥವಾ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆಯೇ? ಮೂರನೆಯದು ಪ್ರಮಾಣದ್ದು: ದಿನವೂ ಕೊಟ್ಟರೆ ನಾಯಿಗೆ ಬೊಜ್ಜು ಬರುತ್ತದೆಯೇ, ಅದರ ಮುಖ್ಯ ಆಹಾರದ ಸಮತೋಲ ಕೆಡುತ್ತದೆಯೇ?

ಒಂದು ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವ ವಸ್ತು ಇನ್ನೊಂದಕ್ಕೆ ಕೆಟ್ಟ ಉತ್ತರ ಕೊಡಬಹುದು. ಜಿಂಕೆಯ ಕೊಂಬಿನಲ್ಲಿ ಬಣ್ಣವಿಲ್ಲ, ಸಕ್ಕರೆಯಿಲ್ಲ, ಸಂರಕ್ಷಕವಿಲ್ಲ; ಮೊದಲ ಪ್ರಶ್ನೆಯಲ್ಲಿ ಅದು ಸುಲಭವಾಗಿ ಪಾಸಾಗುತ್ತದೆ. ಎರಡನೆಯದರಲ್ಲಿ ಅಷ್ಟೇ ಸುಲಭವಾಗಿ ಫೇಲಾಗುತ್ತದೆ. ಸುದ್ದಿಗಳು ಸಾಮಾನ್ಯವಾಗಿ ಮೊದಲ ಪ್ರಶ್ನೆಯ ಸುತ್ತ ಹುಟ್ಟುತ್ತವೆ, ಏಕೆಂದರೆ ವಿಷ ಎಂಬುದು ತಲೆಬರಹಕ್ಕೆ ಒಗ್ಗುವ ಪದ. ಪಶುವೈದ್ಯರ ಮೇಜಿನ ಮೇಲೆ ಹೆಚ್ಚಾಗಿ ಬಂದು ಮಲಗುವುದು ಉಳಿದ ಎರಡರಿಂದ ನರಳುವ ನಾಯಿಗಳು.

ಹಳೆಯ ಪ್ರಕರಣಗಳು ಹೇಳುವುದೇನು?

ಕಾರಣ ತಿಳಿಯದ ಪ್ರಕರಣ ಇದೇ ಮೊದಲಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2007ರಿಂದ ಒಣ ಮಾಂಸದ ಪಟ್ಟಿಗಳ ಬಗ್ಗೆ ದೂರುಗಳನ್ನು ದಾಖಲಿಸಿಕೊಳ್ಳತೊಡಗಿತು. ಕೋಳಿ, ಬಾತುಕೋಳಿ, ಸಿಹಿಗೆಣಸುಗಳಿಂದ ಮಾಡಿದ, ಬಹುಪಾಲು ಚೀನಾದಿಂದ ಬಂದ ಜರ್ಕಿ ತಿನಿಸುಗಳವು. 2015ರ ಅಂತ್ಯದ ಹೊತ್ತಿಗೆ 6,200ಕ್ಕೂ ಹೆಚ್ಚು ನಾಯಿಗಳು ಅನಾರೋಗ್ಯಕ್ಕೆ ಒಳಗಾದ, ಅವುಗಳಲ್ಲಿ 1,100ಕ್ಕೂ ಹೆಚ್ಚು ಸತ್ತ ವರದಿಗಳು ಬಂದಿದ್ದವು. ಸುಮಾರು ಶೇ 60ರಷ್ಟು ದೂರುಗಳು ಹೊಟ್ಟೆ ಮತ್ತು ಕರುಳಿನ ತೊಂದರೆಗೆ, ಶೇ 30ರಷ್ಟು ಮೂತ್ರಪಿಂಡಕ್ಕೆ ಸಂಬಂಧಿಸಿದ್ದವು. ಮೂತ್ರಪಿಂಡದ ಪ್ರಕರಣಗಳಲ್ಲಿ ಒಂದು ಅಸಹಜ ಗುರುತಿತ್ತು: ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇದ್ದರೂ ಮೂತ್ರದಲ್ಲಿ ಸಕ್ಕರೆ ಹೊರಬರುತ್ತಿತ್ತು. ಫ್ಯಾಂಕೋನಿ ಎಂಬ ಅಪರೂಪದ ಕಾಯಿಲೆಯನ್ನು ಹೋಲುವ ಲಕ್ಷಣ ಇದು. ಮೂತ್ರಪಿಂಡದ ಸೂಕ್ಷ್ಮ ನಾಳಗಳು ಹಿಂದಕ್ಕೆ ಹೀರಿಕೊಳ್ಳಬೇಕಾದ ಸಕ್ಕರೆಯನ್ನು ಹಾಗೆಯೇ ಹೊರಗೆ ಬಿಟ್ಟುಬಿಡುತ್ತವೆ.

ವರ್ಷಗಟ್ಟಲೆ ಪರೀಕ್ಷೆ ನಡೆಯಿತು. ಭಾರಲೋಹ, ಕೀಟನಾಶಕ, ಶಿಲೀಂಧ್ರದ ವಿಷ, ಔಷಧದ ಉಳಿಕೆ ಎಲ್ಲವನ್ನೂ ಹುಡುಕಿದರು. 2013ರ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಕೃಷಿ ಇಲಾಖೆಗೆ ಕೆಲವು ಜರ್ಕಿಗಳಲ್ಲಿ ಪ್ರತಿಜೀವಕಗಳ ಉಳಿಕೆ ಸಿಕ್ಕಿತು, ಉತ್ಪನ್ನಗಳು ಮಾರುಕಟ್ಟೆಯಿಂದ ಹೊರಬಿದ್ದವು. ಆದರೆ ನಾಯಿಗಳ ಕಾಯಿಲೆಗೆ ಆ ಉಳಿಕೆ ಕಾರಣವಾಗಿರುವ ಸಾಧ್ಯತೆ ತೀರಾ ಕಡಿಮೆ ಎಂದು ಎಫ್‌ಡಿಎಯೇ ಹೇಳಿತು. ಉತ್ಪನ್ನವನ್ನು ಹಿಂದಕ್ಕೆ ಪಡೆದ ಕಾರಣ ಒಂದು, ಕಾಯಿಲೆಯ ಕಾರಣ ಇನ್ನೊಂದು. ಓದುಗರು ಇವೆರಡನ್ನೂ ಸಹಜವಾಗಿ ಜೋಡಿಸಿಬಿಡುತ್ತಾರೆ, ಆಗ ‘ಪ್ರತಿಜೀವಕ ಇಲ್ಲದ ಜರ್ಕಿ’ ಸುರಕ್ಷಿತ ಎಂಬ ತಪ್ಪು ತೀರ್ಮಾನ ಹುಟ್ಟುತ್ತದೆ.

2019ರ ಹಂದಿ ಕಿವಿಯ ಪ್ರಕರಣ ಇನ್ನೊಂದು ಬಗೆಯದು. ಅಲ್ಲಿ ಕಾರಣ ಸ್ಪಷ್ಟವಾಗಿತ್ತು, ಬಲಿಪಶು ಮಾತ್ರ ಬೇರೆ. ನಾಯಿಗೆಂದು ಮಾರುವ ಒಣಗಿಸಿದ ಹಂದಿ ಕಿವಿಗಳಿಂದ ಅಮೆರಿಕದ 34 ರಾಜ್ಯಗಳಲ್ಲಿ 154 ಮನುಷ್ಯರಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿತು. ಹಲವು ಔಷಧಗಳಿಗೆ ಬಗ್ಗದ ತಳಿಗಳು ಅವುಗಳಲ್ಲಿದ್ದವು. ಸಾಲ್ಮೊನೆಲ್ಲಾ ಹೊತ್ತ ನಾಯಿ ಎಷ್ಟೋ ಸಲ ಏನೂ ಆಗದಂತೆ ಓಡಾಡಿಕೊಂಡಿರುತ್ತದೆ. ಅದರ ಬಾಯಿ, ಮಲ, ಅದು ಚ್ಯೂ ಬಿಟ್ಟುಹೋದ ಚಾಪೆ, ಚ್ಯೂ ಮುಟ್ಟಿದ ಕೈ ಇವುಗಳ ಮೂಲಕ ರೋಗಾಣು ಮನೆಯ ಮಗುವಿಗೆ ದಾಟುತ್ತದೆ. ಹಾಗಾಗಿ ‘ನಮ್ಮ ನಾಯಿ ವರ್ಷಗಳಿಂದ ತಿನ್ನುತ್ತಿದೆ, ಏನೂ ಆಗಿಲ್ಲ’ ಎನ್ನುವುದು ಇಲ್ಲಿ ಸಾಕ್ಷ್ಯವಾಗುವುದಿಲ್ಲ.

2017ರಲ್ಲಿ ಎಫ್‌ಡಿಎ ಅಂಗಡಿಯಲ್ಲಿ ಸಿಗುವ, ಸಂಸ್ಕರಿಸಿದ ಮೂಳೆ ತಿನಿಸುಗಳ ಬಗ್ಗೆ ಎಚ್ಚರಿಸಿತು. ಸುಮಾರು 68 ವರದಿಗಳು, ಸುಮಾರು 90 ನಾಯಿಗಳು, ಸುಮಾರು 15 ಸಾವುಗಳು. ಇಲ್ಲಿ ವಿಷದ ಮಾತೇ ಇಲ್ಲ: ಉಸಿರುಗಟ್ಟುವಿಕೆ, ಕರುಳು ಕಟ್ಟಿಕೊಳ್ಳುವುದು, ಬಾಯಿಯ ಗಾಯ, ವಾಂತಿ, ಗುದದ್ವಾರದಿಂದ ರಕ್ತ. ಈ ಅಂಕಿಗಳನ್ನು ಓದುವಾಗ ಎರಡೂ ಕಡೆಯ ವಾದ ನೆನಪಿರಬೇಕು. ಏಳು ವರ್ಷಗಳಲ್ಲಿ ಇಡೀ ದೇಶಕ್ಕೆ 90 ನಾಯಿ ಎಂದರೆ ನಗಣ್ಯ ಎನ್ನುವುದು ತಯಾರಕರ ಕಡೆಯ ಮಾತು. ಆದರೆ ಈ ವರದಿಗಳು ಜನ ತಾವಾಗಿ ಕಳಿಸಿದವು; ಹಲ್ಲು ಮುರಿದ ನಾಯಿಯ ಒಡೆಯ ಸರಕಾರಕ್ಕೆ ಪತ್ರ ಬರೆಯುವುದು ಅಪರೂಪ. ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದು ಎನ್ನುವುದರಲ್ಲಿ ಸಂಶಯವಿಲ್ಲ. ಎಷ್ಟು ದೊಡ್ಡದು ಎಂದು ಹೇಳಬೇಕಾದರೆ ಒಟ್ಟು ಎಷ್ಟು ನಾಯಿಗಳು ತಿಂದವು ಎಂಬ ಲೆಕ್ಕ ಬೇಕು, ಅದನ್ನು ಯಾರೂ ಇಟ್ಟಿಲ್ಲ.

ಗಡಸುತನದ ಲೆಕ್ಕ

ಈಗ ವಿಷವನ್ನು ಪಕ್ಕಕ್ಕಿಟ್ಟು ನಾಯಿಯ ಬಾಯಿಯನ್ನೇ ನೋಡೋಣ. ಮೇಲಿನ ದವಡೆಯ ಹಿಂಭಾಗದಲ್ಲಿ, ತುಟಿ ಎತ್ತಿದರೆ ಕಾಣುವ ಅತಿ ದೊಡ್ಡ ಹಲ್ಲು ನಾಲ್ಕನೆಯ ಮುಂದವಡೆ ಹಲ್ಲು. ಕೆಳಗಿನ ದವಡೆಯ ಮೊದಲ ದವಡೆ ಹಲ್ಲಿನ ಜೊತೆ ಅದು ಕತ್ತರಿಯ ಅಲಗುಗಳಂತೆ ಒಂದರ ಪಕ್ಕ ಒಂದು ಜಾರುತ್ತದೆ. ಮಾಂಸ ಕತ್ತರಿಸಲು ಹೇಳಿಮಾಡಿಸಿದ ಜೋಡಿ. ನಾಯಿ ಗಟ್ಟಿ ವಸ್ತುವನ್ನು ಒಡೆಯಲು ಅದನ್ನು ಬಾಯಿಯ ಬದಿಗೆ ಹೊರಳಿಸಿಕೊಂಡು ಇದೇ ಜೋಡಿಯ ನಡುವೆ ಇಡುತ್ತದೆ. ವಸ್ತು ಬಗ್ಗದಿದ್ದರೆ ಬಲವೆಲ್ಲ ಹಲ್ಲಿಗೇ ವಾಪಸಾಗುತ್ತದೆ. ಆಗ ಮೇಲಿನ ಹಲ್ಲಿನ ಹೊರಮೈಯಿಂದ ಒಂದು ಚಕ್ಕೆ ಏಳುತ್ತದೆ. ನಾಯಿಯ ಹಲ್ಲಿನ ಎನಾಮಲ್ ಮನುಷ್ಯರದಕ್ಕಿಂತ ಬಹಳ ತೆಳು, ಒಂದು ಮಿಲಿಮೀಟರನ್ನೂ ಮೀರದಷ್ಟು. ಚಕ್ಕೆ ಆಳವಾಗಿ ಎದ್ದರೆ ಒಳಗಿನ ನರ ಮತ್ತು ರಕ್ತನಾಳಗಳಿರುವ ತಿರುಳು ತೆರೆದುಕೊಳ್ಳುತ್ತದೆ, ಬಾಯಿಯ ಬ್ಯಾಕ್ಟೀರಿಯಾ ಬೇರಿನ ತುದಿಗೆ ಇಳಿಯುತ್ತದೆ. ಕೆಲವು ತಿಂಗಳ ನಂತರ ಕಣ್ಣಿನ ಕೆಳಗೆ ಊತ ಕಾಣಿಸಿಕೊಂಡಾಗ ಒಡೆಯ ಅದನ್ನು ಕಣ್ಣಿನ ತೊಂದರೆ ಎಂದುಕೊಂಡು ಬರುತ್ತಾನೆ.

ನಡುವಿನ ಆ ತಿಂಗಳುಗಳಲ್ಲಿ ನಾಯಿ ಊಟ ಬಿಟ್ಟಿರುವುದಿಲ್ಲ. ಹಲ್ಲುನೋವಿದ್ದರೂ ನಾಯಿಗಳು ತಿನ್ನುತ್ತವೆ. ಒಂದೇ ಬದಿಯಲ್ಲಿ ಅಗಿಯುವುದು, ಗಟ್ಟಿಯದನ್ನು ಬಾಯಿಂದ ಬೀಳಿಸುವುದು ಇಷ್ಟೇ ಸುಳಿವು. ಚ್ಯೂ ಕೊಟ್ಟ ದಿನಕ್ಕೂ ಊತ ಕಂಡ ದಿನಕ್ಕೂ ಇರುವ ಈ ಅಂತರದಿಂದಾಗಿ ಕೊಂಬು, ಗೊರಸು, ಗಟ್ಟಿ ನೈಲಾನ್, ದೊಡ್ಡ ಪ್ರಾಣಿಯ ಕಾಲಿನ ಮೂಳೆ ಇವುಗಳ ಮೇಲೆ ಅಪವಾದ ಬರುವುದೇ ಇಲ್ಲ. ಪಶು ದಂತವೈದ್ಯರು ಇವನ್ನೆಲ್ಲ ಒಟ್ಟಾಗಿ ಬೇಡ ಎನ್ನುವುದು ಇದಕ್ಕಾಗಿ. ಅವರು ಹೇಳುವ ಪರೀಕ್ಷೆ ಸರಳ: ಹೆಬ್ಬೆರಳಿನ ಉಗುರನ್ನು ಒತ್ತಿದಾಗ ಗುರುತು ಮೂಡಬೇಕು, ಅಥವಾ ಕೈಯಲ್ಲಿ ಬಗ್ಗಿಸಿದರೆ ಸ್ವಲ್ಪವಾದರೂ ಬಾಗಬೇಕು. ಅದರಿಂದ ನಿಮ್ಮ ಮೊಣಕಾಲ ಚಿಪ್ಪಿಗೆ ಹೊಡೆದುಕೊಂಡರೆ ನೋಯುತ್ತದೆ ಎನಿಸಿದರೆ ನಾಯಿಯ ಹಲ್ಲಿಗೂ ಅದು ಬೇಡ. ಇದು ಪ್ರಯೋಗಾಲಯದ ಅಳತೆಯಲ್ಲ, ಒಪ್ಪಿಕೊಳ್ಳೋಣ. ಆದರೂ ಅಂಗಡಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ.

ಕರಗದ ತೊಗಲು

ಮೆದುವಾದದ್ದನ್ನು ಆರಿಸಿದರೆ ಎಲ್ಲ ಸರಿಹೋಯಿತೇ? ಇಲ್ಲಿ ತೊಗಲಿನ ಚ್ಯೂಗಳ ಸರದಿ. ದನದ ಚರ್ಮವನ್ನು ಪದರಗಳಾಗಿ ಸೀಳಿ ಹೊರಪದರ ಚರ್ಮೋದ್ಯಮಕ್ಕೆ ಹೋದ ಮೇಲೆ ಉಳಿಯುವ ಒಳಪದರವೇ ಇದರ ಮೂಲ ಸಾಮಗ್ರಿ. ಕೂದಲು ತೆಗೆಯಲು ಸುಣ್ಣದ ನೀರಿನಲ್ಲಿ ನೆನೆಸುತ್ತಾರೆ, ತೊಳೆಯುತ್ತಾರೆ, ಬಿಳುಪು ಬರಿಸಲು ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದುಂಟು, ಆಮೇಲೆ ಸುತ್ತಿ, ಗಂಟುಹಾಕಿ, ಒಣಗಿಸುತ್ತಾರೆ. ಪ್ರತಿ ಹಂತದಲ್ಲೂ ಏನು ಬಳಸಿದರು ಎಂಬುದು ಪೊಟ್ಟಣದ ಮೇಲೆ ಬರುವುದಿಲ್ಲ. 2017ರಲ್ಲಿ ಅಮೆರಿಕದಲ್ಲಿ ಹಲವು ಬ್ರ್ಯಾಂಡಿನ ತೊಗಲಿನ ಚ್ಯೂಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಯಂತ್ರ ತೊಳೆಯಲು ಅನುಮತಿಯಿದ್ದ ಅಮೋನಿಯಂ ಮೂಲದ ಸೋಂಕುನಿವಾರಕವನ್ನು ಕೆಲವು ಕಾರ್ಖಾನೆಗಳು ತೊಗಲಿಗೇ ಬಳಸಿದ್ದವು.

ಆದರೆ ದಿನನಿತ್ಯದ ಅಪಾಯ ರಸಾಯನಕ್ಕಿಂತ ತುಂಡಿನ ಗಾತ್ರದಲ್ಲಿದೆ. ಒಣ ತೊಗಲು ಜೊಲ್ಲಿನಲ್ಲಿ ನೆನೆದು ಊದಿಕೊಳ್ಳುತ್ತದೆ, ಜಾರುತ್ತದೆ. ಸಣ್ಣ ಸಣ್ಣದಾಗಿ ಸವೆಸಿ ತಿಂದರೆ ಹೊಟ್ಟೆಯ ಆಮ್ಲ ನಿಧಾನವಾಗಿ ಅದನ್ನು ಕರಗಿಸುತ್ತದೆ. ದೊಡ್ಡ ತುಂಡನ್ನೇ ನುಂಗಿದರೆ ಅದು ಅನ್ನನಾಳದಲ್ಲೋ ಕರುಳಿನಲ್ಲೋ ನಿಲ್ಲುತ್ತದೆ. ಅಲ್ಲದೆ ತೊಗಲು ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆಯಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಹಾಗಾಗಿ ಏನು ನುಂಗಿತು ಎಂದು ಒಡೆಯ ಹೇಳದಿದ್ದರೆ ರೋಗನಿರ್ಣಯ ತಡವಾಗುತ್ತದೆ.

ಇದು ತೊಗಲಿನದೊಂದೇ ದೋಷ ಎಂದು ತಿಳಿದರೆ ತಪ್ಪು. ಹಲ್ಲು ಶುಚಿಮಾಡಲೆಂದೇ ತಯಾರಾದ, ಸಸ್ಯಮೂಲದ ಚ್ಯೂ ಒಂದು ಅನ್ನನಾಳದಲ್ಲಿ ಸಿಕ್ಕಿಕೊಂಡ 31 ನಾಯಿಗಳ ಪ್ರಕರಣಗಳನ್ನು 2008ರಲ್ಲಿ ಅಮೆರಿಕದ ಪಶುವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತು. ಹೆಚ್ಚಿನವು ಪುಟ್ಟ ತಳಿಯ ನಾಯಿಗಳು. ಪುಟ್ಟ ನಾಯಿಯ ಅನ್ನನಾಳ ಕಿರಿದು, ಅದರ ಆತುರ ಮಾತ್ರ ಕಿರಿದಲ್ಲ. ಆದ್ದರಿಂದ ಪೊಟ್ಟಣದ ಮೇಲೆ ಬರೆದಿರುವ ತೂಕದ ಶ್ರೇಣಿ ಅಲಂಕಾರಕ್ಕಲ್ಲ. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳುವುದು ಲೇಸು, ಮತ್ತು ಇಡಿಯಾಗಿ ನುಂಗಬಹುದಾದಷ್ಟು ಚಿಕ್ಕದಾದ ಕೊನೆಯ ತುಂಡನ್ನು ಕಿತ್ತುಕೊಳ್ಳುವುದು ಕಡ್ಡಾಯ.

ಈಗ ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟರೆ ಗೊಂದಲದ ಬೇರು ಕಾಣಿಸುತ್ತದೆ. ಕೊಳ್ಳುವವರು ಬಯಸುವುದು ಬಾಳಿಕೆ. ನಾಯಿ ಒಂದು ಗಂಟೆ ಸುಮ್ಮನಿರಬೇಕು, ಕಾಲುಚೀಲ ಮತ್ತು ಸೋಫಾ ಉಳಿಯಬೇಕು. ಚ್ಯೂ ಒಂದು ಗಂಟೆ ಬಾಳಬೇಕಾದರೆ ಒಂದೋ ಅದು ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗಿರಬೇಕು, ಇಲ್ಲವೇ ಸುಲಭವಾಗಿ ಹರಿಯದ, ಕರಗದ ನಾರಿನಂತಿರಬೇಕು. ಮೊದಲನೆಯದು ಹಲ್ಲಿಗೆ ಕೆಡುಕು, ಎರಡನೆಯದು ಕರುಳಿಗೆ. ಹಲ್ಲಿಗೂ ಕರುಳಿಗೂ ಒಗ್ಗುವ ತಿನಿಸು ಐದೇ ನಿಮಿಷದಲ್ಲಿ ಮುಗಿದುಹೋಗುತ್ತದೆ, ‘ದುಡ್ಡು ದಂಡ’ ಎಂದು ಒಡೆಯ ಗೊಣಗುತ್ತಾನೆ. ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿ ಹೊಗಳುವ ಗುಣವೇ ಅಪಾಯದ ಮೂಲವಾಗಿರುವಾಗ, ಒಂದರ ಬದಲು ಇನ್ನೊಂದು ದೀರ್ಘ ಬಾಳಿಕೆಯ ಚ್ಯೂ ಕೊಂಡರೆ ಅಪಾಯ ಜಾಗ ಬದಲಿಸುತ್ತದೆ, ಅಷ್ಟೇ.

ಹಸಿ ಮೂಳೆಯ ಜಗಳ

ಬೇಯಿಸಿದ ಮೂಳೆ ಬೇಡ ಎನ್ನುವುದರಲ್ಲಿ ಎಲ್ಲರಿಗೂ ಒಮ್ಮತವಿದೆ. ಶಾಖಕ್ಕೆ ಮೂಳೆ ಒಣಗಿ ಪೆಡಸಾಗುತ್ತದೆ, ಚೂಪಾದ ಸೀಳುಗಳಾಗಿ ಒಡೆಯುತ್ತದೆ. ಜಗಳ ಇರುವುದು ಹಸಿ ಮೂಳೆಯ ಬಗ್ಗೆ.

ಪರ ವಹಿಸುವವರ ವಾದ ತಳ್ಳಿಹಾಕುವಂಥದ್ದಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ವಯಸ್ಕ ಬೀಗಲ್ ನಾಯಿಗಳಿಗೆ ದನದ ಹಸಿ ಮೂಳೆ ಕೊಟ್ಟು ನೋಡಿದರು. ಹಲ್ಲಿನ ಮೇಲೆ ಕಟ್ಟಿದ್ದ ಕಿಟ್ಟ ದಿನಗಳ ಲೆಕ್ಕದಲ್ಲಿ ಗಣನೀಯವಾಗಿ ಇಳಿಯಿತು. ಇದನ್ನು ಮುಂದಿಟ್ಟು ‘ಪ್ರಕೃತಿಯೇ ಕೊಟ್ಟ ಹಲ್ಲುಜ್ಜುವ ಬ್ರಷ್’ ಎನ್ನುತ್ತಾರೆ. ಎಂಟು ನಾಯಿಗಳಿಂದ ಲಾಭವನ್ನು ಅಳೆಯಬಹುದು, ಹಾನಿಯನ್ನು ಅಳೆಯಲಾಗುವುದಿಲ್ಲ ಎನ್ನುವುದು ಇಲ್ಲಿ ಮರೆತುಹೋಗುತ್ತದೆ. ನೂರರಲ್ಲಿ ಒಂದು ನಾಯಿಗೆ ಹಲ್ಲು ಮುರಿಯುತ್ತದೆ ಎಂದೇ ಊಹಿಸಿಕೊಳ್ಳಿ. ಎಂಟು ನಾಯಿಗಳ ಗುಂಪಿನಲ್ಲಿ ಅದು ಕಾಣಿಸದೇ ಹೋಗುವ ಸಾಧ್ಯತೆಯೇ ಹೆಚ್ಚು. ಕಿಟ್ಟ ಪ್ರತಿ ನಾಯಿಯಲ್ಲೂ ಇರುತ್ತದೆ, ಆದ್ದರಿಂದ ಸಣ್ಣ ಗುಂಪಿನಲ್ಲೂ ಅಳತೆಗೆ ಸಿಗುತ್ತದೆ. ಅಪರೂಪದ ಅವಘಡ ಹಾಗೆ ಸಿಗುವುದಿಲ್ಲ.

ತೋಳಗಳನ್ನು ಸಾಕ್ಷಿಗೆ ಕರೆಯುವುದೂ ರೂಢಿಯಲ್ಲಿದೆ. ತೋಳ ಮೂಳೆ ಕಡಿಯುತ್ತದೆ, ನಿಜ. ತೋಳಗಳ ಹಲ್ಲು ಸವೆಯುತ್ತವೆ, ಮುರಿಯುತ್ತವೆ ಎನ್ನುವುದೂ ನಿಜ. ಕಾಡಿನಲ್ಲಿ ಆರೇಳು ವರ್ಷ ಬದುಕಿದರೆ ಸಾಕಾದ ಪ್ರಾಣಿಯ ಹಲ್ಲಿಗೂ ಹದಿನಾಲ್ಕು ವರ್ಷ ನಮ್ಮ ಜೊತೆ ಇರಲಿ ಎಂದು ನಾವು ಬಯಸುವ ನಾಯಿಯ ಹಲ್ಲಿಗೂ ಒಂದೇ ಮಾನದಂಡ ಸಲ್ಲದು. ಮನೆಯಲ್ಲಿ ಎಳೆಮಕ್ಕಳೋ, ವೃದ್ಧರೋ, ರೋಗನಿರೋಧಕ ಶಕ್ತಿ ಕುಂದಿದವರೋ ಇದ್ದರೆ ಹಸಿ ಮೂಳೆಯ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಹಲ್ಲಿನ ಹೆಸರಿನಲ್ಲಿ ಮಾರಾಟ

ಊಟವಾದ ಮೇಲೆ ಹಲ್ಲಿನ ಮೇಲೆ ಬ್ಯಾಕ್ಟೀರಿಯಾದ ತೆಳು ಪಾಚಿ ಕಟ್ಟುತ್ತದೆ. ಜೊಲ್ಲಿನ ಖನಿಜಗಳು ಸೇರಿ ಒಂದೆರಡು ದಿನಗಳಲ್ಲೇ ಅದು ಗಟ್ಟಿ ಕಿಟ್ಟವಾಗತೊಡಗುತ್ತದೆ. ಚ್ಯೂ ಉಜ್ಜಿ ಪಾಚಿಯನ್ನು ಕಡಿಮೆ ಮಾಡಬಲ್ಲದು, ಉಜ್ಜಿದ ಜಾಗದಲ್ಲಿ ಮಾತ್ರ. ನಾಯಿ ಹಿಂದಿನ ಹಲ್ಲುಗಳಲ್ಲಿ ಅಗಿಯುವುದರಿಂದ ಮುಂದಿನ ಹಲ್ಲುಗಳಿಗೆ ಅದರ ಪ್ರಯೋಜನ ಅಷ್ಟಾಗಿ ತಲುಪುವುದಿಲ್ಲ. ಒಸಡಿನ ಅಂಚಿನ ಕೆಳಗೆ, ನಿಜವಾದ ಒಸಡುರೋಗ ಹುಟ್ಟುವ ಜಾಗಕ್ಕೆ, ಯಾವ ಚ್ಯೂ ಕೂಡ ಇಳಿಯುವುದಿಲ್ಲ.

‘ಹಲ್ಲಿಗೆ ಒಳ್ಳೆಯದು’ ಎಂದು ಯಾರು ಬೇಕಾದರೂ ಬರೆಯಬಹುದಾದ್ದರಿಂದ 1997ರಲ್ಲಿ ಪಶು ಮೌಖಿಕ ಆರೋಗ್ಯ ಮಂಡಳಿ ಎಂಬರ್ಥದ ವಿಒಎಚ್‌ಸಿ ಸಂಸ್ಥೆ ಹುಟ್ಟಿತು. ತಯಾರಕರು ತಾವು ನಡೆಸಿದ ಪ್ರಯೋಗಗಳ ಮಾಹಿತಿಯನ್ನು ಅದಕ್ಕೆ ಸಲ್ಲಿಸುತ್ತಾರೆ. ಪಾಚಿ ಅಥವಾ ಕಿಟ್ಟ ನಿಗದಿತ ಮಟ್ಟಕ್ಕಿಂತ ಹೆಚ್ಚು ಇಳಿದಿದ್ದರೆ ಮುದ್ರೆ ಸಿಗುತ್ತದೆ. ಮುದ್ರೆಯ ಮೇಲೆ ಪಾಚಿಗೋ ಕಿಟ್ಟಕ್ಕೋ ಎರಡಕ್ಕೂ ಎಂದೋ ಬರೆದಿರುತ್ತದೆ. ಮುದ್ರೆ ಇರುವುದು ಇಲ್ಲದ್ದಕ್ಕಿಂತ ವಾಸಿ. ಆದರೆ ಅದು ಮುಖ್ಯವಾಗಿ ಪರಿಣಾಮಕ್ಕೆ ಕೊಟ್ಟ ಮುದ್ರೆ. ನಿಮ್ಮ ನಾಯಿ ಅಗಿಯದೆ ನುಂಗುವ ಜಾತಿಯದಾದರೆ ಪರಿಣಾಮವೂ ಸೊನ್ನೆ. ಪಾಚಿಯ ವಿಷಯದಲ್ಲಿ ದಿನವೂ ಬ್ರಷ್‌ನಿಂದ ಉಜ್ಜುವುದಕ್ಕೆ ಸಮನಾದದ್ದು ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಯಾರೂ ಮಾಡದ ಕ್ಯಾಲೊರಿ ಲೆಕ್ಕ

ತಿನಿಸುಗಳಿಂದ ಬರುವ ಶಕ್ತಿ ದಿನದ ಒಟ್ಟು ಅಗತ್ಯದ ಶೇ 10ನ್ನು ಮೀರಬಾರದು ಎನ್ನುವುದು ಪಶು ಪೋಷಣೆಯ ತಜ್ಞರು ಸಾಮಾನ್ಯವಾಗಿ ಒಪ್ಪುವ ಮಿತಿ. ಇದು ಬೊಜ್ಜಿನ ಭಯದಿಂದ ಮಾತ್ರ ಬಂದದ್ದಲ್ಲ. ತಿನಿಸುಗಳು ಪೂರ್ಣ ಆಹಾರವಲ್ಲ. ಅವುಗಳ ಪಾಲು ಹೆಚ್ಚಿದಂತೆ ಕ್ಯಾಲ್ಸಿಯಂ, ರಂಜಕ, ಜೀವಸತ್ವಗಳ ಅನುಪಾತ ಕದಡುತ್ತದೆ.

ಐದು ಕಿಲೋ ತೂಕದ, ಸಂತಾನಶಕ್ತಿಹರಣ ಮಾಡಿಸಿದ ವಯಸ್ಕ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 375 ಕಿಲೋಕ್ಯಾಲೊರಿ ಬೇಕು. ತಿನಿಸಿನ ಪಾಲು 37. ಹೋರಿಯ ಜನನಾಂಗವನ್ನು ಒಣಗಿಸಿ ಮಾಡುವ, ಬುಲ್ಲಿ ಸ್ಟಿಕ್ ಎಂಬ ಜನಪ್ರಿಯ ಚ್ಯೂಗಳನ್ನು ಪರೀಕ್ಷಿಸಿ 2013ರಲ್ಲಿ ಕೆನಡಾದ ಪಶುವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆರು ಅಂಗುಲದ ಕೋಲಿನಲ್ಲಿ ಸರಾಸರಿ 88 ಕಿಲೋಕ್ಯಾಲೊರಿ ಇತ್ತು. ಅಂದರೆ ಪುಟ್ಟ ನಾಯಿಯ ಎರಡು ದಿನಗಳಿಗೂ ಮೀರಿದ ತಿನಿಸಿನ ಪಾಲು ಒಂದೇ ಕೋಲಿನಲ್ಲಿ ಮುಗಿಯುತ್ತದೆ. ಇಪ್ಪತ್ತು ಕಿಲೋ ನಾಯಿಗಾದರೆ ಅದೇ ಕೋಲು ಮಿತಿಯೊಳಗೇ ಉಳಿಯುತ್ತದೆ. ಅದೇ ಅಧ್ಯಯನದಲ್ಲಿ 26 ಕೋಲುಗಳ ಪೈಕಿ ಏಳರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು ಎನ್ನುವುದನ್ನೂ ಸೇರಿಸಿ ಹೇಳಬೇಕು. ಮುಟ್ಟಿದ ಕೈ ತೊಳೆಯಿರಿ ಎಂಬ ಸಲಹೆಗೆ ಇದೂ ಒಂದು ಕಾರಣ.

ಪೊಟ್ಟಣದ ಮೇಲೆ ಬರೆದದ್ದು, ಬರೆಯದ್ದು

ಅಮೆರಿಕದಲ್ಲಿ ಸಾಕುಪ್ರಾಣಿಯ ಆಹಾರ ಮಾರುಕಟ್ಟೆಗೆ ಬರುವ ಮೊದಲು ಎಫ್‌ಡಿಎ ಅನುಮೋದನೆ ಬೇಕಿಲ್ಲ. ಅದು ಸುರಕ್ಷಿತವಾಗಿರಬೇಕು, ಶುಚಿಯಾದ ಜಾಗದಲ್ಲಿ ತಯಾರಾಗಿರಬೇಕು, ಲೇಬಲ್ ಸುಳ್ಳು ಹೇಳಬಾರದು ಎನ್ನುವುದು ಕಾನೂನು. ಪಾಲಿಸಿದರೋ ಇಲ್ಲವೋ ಎಂಬುದು ಬಹುಪಾಲು ಗೊತ್ತಾಗುವುದು ತೊಂದರೆಯಾದ ನಂತರ. ಹಾಗಾಗಿ ‘ನೈಸರ್ಗಿಕ’ ಎಂಬ ಪದ ಗಡಸುತನದ ಬಗ್ಗೆಯಾಗಲಿ ಜೀರ್ಣದ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ. 2017ರಲ್ಲಿ ದನದ ಮಾಂಸದ ಕೆಲವು ತಿನಿಸುಗಳಲ್ಲಿ ಥೈರಾಯ್ಡ್ ಹಾರ್ಮೋನು ಸೇರಿಕೊಂಡು ನಾಯಿಗಳಲ್ಲಿ ಥೈರಾಯ್ಡ್ ಮಟ್ಟ ಏರಿತ್ತು. ಗಂಟಲ ಭಾಗದ ಮಾಂಸ ಕತ್ತರಿಸುವಾಗ ಗ್ರಂಥಿಯನ್ನು ಸರಿಯಾಗಿ ಬೇರ್ಪಡಿಸದಿದ್ದರೆ ಹೀಗಾಗುತ್ತದೆ. ಅದಕ್ಕಿಂತ ನೈಸರ್ಗಿಕವಾದ ದೋಷ ಇನ್ನೊಂದಿರಲಾರದು.

ಲೇಬಲ್‌ನಲ್ಲಿ ಕಣ್ಣಿಟ್ಟು ಹುಡುಕಬೇಕಾದ ಪದ ಕ್ಸೈಲಿಟಾಲ್. ‘ಬರ್ಚ್ ಸಕ್ಕರೆ’, ‘ಇ 967’ ಎಂಬ ವೇಷದಲ್ಲೂ ಬರುತ್ತದೆ. ಮನುಷ್ಯರಿಗೆ ನಿರುಪದ್ರವಿಯಾದ ಈ ಸಿಹಿ ನಾಯಿಯ ಮೇದೋಜೀರಕ ಗ್ರಂಥಿಯಿಂದ ಒಮ್ಮೆಲೇ ಇನ್ಸುಲಿನ್ ಹೊರಚೆಲ್ಲುವಂತೆ ಮಾಡುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ; ದೇಹತೂಕದ ಪ್ರತಿ ಕಿಲೋಗೆ 0.1 ಗ್ರಾಂ ಸಾಕು. ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತು ಕೈಕೊಡುತ್ತದೆ. ನಾಯಿಯ ತಿನಿಸಿಗಿಂತ ಅದು ಅಡಗಿರುವುದು ಮನುಷ್ಯರ ತಿನಿಸಿನಲ್ಲಿ: ಸಕ್ಕರೆರಹಿತ ಚೂಯಿಂಗ್ ಗಮ್, ಕೆಲವು ಕಡಲೆಬೀಜದ ಬೆಣ್ಣೆಗಳು. ಆಟಿಕೆಯೊಳಗೆ ಕಡಲೆಬೀಜದ ಬೆಣ್ಣೆ ಮೆತ್ತಿ ಕೊಡುವ ರೂಢಿ ಇರುವುದರಿಂದ ಡಬ್ಬಿಯ ಹಿಂಬದಿ ಓದಲೇಬೇಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಮೆಕಡೇಮಿಯಾ ಬೀಜ ಇವು ಬೇಡ ಎನ್ನುವುದು ಈಗ ಬಹುತೇಕರಿಗೆ ಗೊತ್ತಿದೆ.

ಮಾರುಕಟ್ಟೆ ಎತ್ತ ಹೊರಳುತ್ತಿದೆ

ಪ್ರತಿ ಎಚ್ಚರಿಕೆಯ ನಂತರ ಮಾರುಕಟ್ಟೆ ಒಂದೇ ರೀತಿ ಸ್ಪಂದಿಸುತ್ತದೆ: ದೂರು ಬಂದ ಪದವನ್ನು ಲೇಬಲ್‌ನಿಂದ ತೆಗೆಯುತ್ತದೆ. ತೊಗಲಿನ ಬಗ್ಗೆ ಹೆದರಿಕೆ ಹಬ್ಬಿದ ಮೇಲೆ ‘ತೊಗಲು ರಹಿತ’ ಚ್ಯೂಗಳು ಬಂದವು. ಅವುಗಳಲ್ಲಿ ‘ಕೊಲಾಜೆನ್’ ಹೆಸರಿನಲ್ಲಿ ಬರುವ ಹಲವು ಅದೇ ಚರ್ಮದ ಒಳಪದರದಿಂದ ತಯಾರಾದವು. ಸಂಸ್ಕರಣೆ ಬೇರೆಯಾಗಿರಬಹುದು, ಜೀರ್ಣವೂ ಸುಲಭವಿರಬಹುದು. ದೊಡ್ಡ ತುಂಡನ್ನು ನುಂಗಿದರೆ ಆಗುವ ತೊಂದರೆ ಬೇರೆಯಲ್ಲ. ಹಿಮಾಲಯದ ಯಾಕ್ ಹಾಲಿನ ಗಟ್ಟಿ ಚೀಸ್ ಜಗತ್ತಿನಾದ್ಯಂತ ಹರಡಿದ್ದೂ ಇದೇ ಅಲೆಯಲ್ಲಿ. ಸಾಮಗ್ರಿಗಳ ಪಟ್ಟಿ ನೋಡಿದರೆ ಇದಕ್ಕಿಂತ ಶುದ್ಧವಾದದ್ದು ಸಿಗದು, ಉಗುರು ಒತ್ತಿದರೆ ಗುರುತು ಮೂಡದು.

ಯುರೋಪಿನ ಪ್ರಕರಣದ ಪರಿಣಾಮವೂ ಬಹುಶಃ ಹೀಗೆಯೇ ಸಾಗುತ್ತದೆ. ಚೀನಾದ ಹೆಸರು ಕಂಡಲ್ಲಿ ಜನ ಹಿಂಜರಿಯುತ್ತಾರೆ, ‘ಇಲ್ಲೇ ತಯಾರಾದದ್ದು’ ಎಂಬ ಚೀಟಿಗೆ ಬೆಲೆ ಏರುತ್ತದೆ. ಆದರೆ ತಯಾರಾದ ದೇಶವನ್ನು ಬರೆದ ಮಾತ್ರಕ್ಕೆ ತೊಗಲು ಎಲ್ಲಿಂದ ಬಂತೆಂಬುದು ಗೊತ್ತಾಗುವುದಿಲ್ಲ. ನಿಯಂತ್ರಕರು ಒತ್ತಡ ಹಾಕಬೇಕಿರುವುದು ಪ್ರತಿ ಬ್ಯಾಚಿನ ಮೂಲವನ್ನು ಕಾರ್ಖಾನೆಯವರೆಗೆ ಹಿಂಬಾಲಿಸುವ ವ್ಯವಸ್ಥೆಗೆ. ಅದಿಲ್ಲದಿದ್ದರೆ ಮುಂದಿನ ಸಲವೂ ವಿಷ ಪತ್ತೆಯಾಗುವ ಮೊದಲೇ ಸುದ್ದಿ ತಣ್ಣಗಾಗುತ್ತದೆ.

ಹಾಗಾದರೆ ಏನು ಕೊಡುವುದು

ಬಹುಮಾನಕ್ಕೆ ಬಟಾಣಿ ಗಾತ್ರದ ತುಂಡು ಸಾಕು. ನಾಯಿ ಎಣಿಸುವುದು ಎಷ್ಟು ಸಲ ಸಿಕ್ಕಿತು ಎಂಬುದನ್ನು, ಎಷ್ಟು ದೊಡ್ಡದು ಎಂಬುದನ್ನಲ್ಲ. ಉಪ್ಪು ಮಸಾಲೆಯಿಲ್ಲದೆ ಬೇಯಿಸಿದ ಕೋಳಿಯ ಎಲುಬಿಲ್ಲದ ಚೂರು, ಕ್ಯಾರೆಟ್, ಸೌತೆಕಾಯಿ, ಬೀಜ ತೆಗೆದ ಸೇಬು, ಅದರದೇ ದಿನದ ಆಹಾರದಿಂದ ತೆಗೆದಿಟ್ಟ ಒಂದು ಹಿಡಿ, ಇವು ಮೂರೂ ಪ್ರಶ್ನೆಗಳಲ್ಲಿ ಪಾಸಾಗುತ್ತವೆ. ಹೊತ್ತು ಕಳೆಯುವುದೇ ಉದ್ದೇಶವಾದರೆ ಬಾಗುವ ರಬ್ಬರಿನ ಪೊಳ್ಳು ಆಟಿಕೆಯೊಳಗೆ ನೆನೆಸಿದ ಆಹಾರ ತುಂಬಿ ಹೆಪ್ಪುಗಟ್ಟಿಸಿ ಕೊಡಬಹುದು. ಅಲ್ಲಿ ಬಾಳಿಕೆ ಬರುವುದು ಆಟಿಕೆಗೆ, ನುಂಗುವುದು ಆಹಾರವನ್ನು. ಬಾಳಿಕೆಗೂ ಜೀರ್ಣಕ್ಕೂ ಇದ್ದ ತಿಕ್ಕಾಟ ಬಹುಮಟ್ಟಿಗೆ ತಪ್ಪುತ್ತದೆ. ರಬ್ಬರು ಹರಿದು ಚೂರೇಳತೊಡಗಿದ ದಿನ ಅದನ್ನು ಎಸೆಯಬೇಕು.

ಹಾಲುಹಲ್ಲಿನ ಮರಿಗೂ, ಹಲ್ಲು ಸವೆದ ಮುದಿ ನಾಯಿಗೂ ಮೆದುವಾದದ್ದೇ ಸರಿ. ಮೇದೋಜೀರಕದ ಉರಿಯೂತ ಒಮ್ಮೆ ಬಂದ ನಾಯಿಗೆ ಕೊಬ್ಬಿನ ತಿನಿಸು ಬೇಡ. ಅಲರ್ಜಿಯ ಕಾರಣ ಹುಡುಕಲು ಪಥ್ಯದಲ್ಲಿರುವ ನಾಯಿಗೆ ಯಾರೋ ಪ್ರೀತಿಯಿಂದ ಕೊಟ್ಟ ಒಂದು ಬಿಸ್ಕತ್ತು ಎರಡು ತಿಂಗಳ ಪಥ್ಯವನ್ನೇ ಹಾಳುಮಾಡಬಲ್ಲದು.

ಚ್ಯೂ ಕೊಟ್ಟ ಮೇಲೆ ಪೊಟ್ಟಣವನ್ನು ತಕ್ಷಣ ಎಸೆಯದೆ, ಬ್ಯಾಚ್ ಸಂಖ್ಯೆ ಇರುವ ಬದಿಯ ಒಂದು ಫೋಟೊ ಇಟ್ಟುಕೊಳ್ಳುವುದು ಒಳ್ಳೆಯದು; ಯಾವ ದೇಶದ ನಿಯಂತ್ರಕರಾದರೂ ದೂರು ಕೊಟ್ಟವರನ್ನು ಕೇಳುವುದು ಆ ಸಂಖ್ಯೆಯನ್ನು. ನಾಯಿ ದೊಡ್ಡ ತುಂಡು ನುಂಗಿ ಜೊಲ್ಲು ಸುರಿಸುತ್ತಿದ್ದರೆ, ಮತ್ತೆ ಮತ್ತೆ ಓಕರಿಸುತ್ತಿದ್ದರೆ, ಕುತ್ತಿಗೆ ಚಾಚಿ ನುಂಗಲು ಒದ್ದಾಡುತ್ತಿದ್ದರೆ ಬೆಳಗಿನವರೆಗೆ ಕಾಯುವಂತಿಲ್ಲ. ಅನ್ನನಾಳದಲ್ಲಿ ನಿಂತ ತುಂಡು ಗಂಟೆಗಳ ಲೆಕ್ಕದಲ್ಲಿ ಅದರ ಗೋಡೆಯನ್ನು ಕೊಳೆಸುತ್ತದೆ. ಮನೆಯಲ್ಲೇ ವಾಂತಿ ಮಾಡಿಸಲು ಹೋದರೆ ಅದು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳಬಹುದು. ಒಂದೆರಡು ದಿನಗಳ ನಂತರ ಊಟ ಬಿಟ್ಟು, ವಾಂತಿ ಮಾಡಿ, ಹೊಟ್ಟೆ ಮುಟ್ಟಗೊಡದಿದ್ದರೆ ಕರುಳನ್ನು ಅನುಮಾನಿಸಬೇಕು. ವೈದ್ಯರ ಬಳಿ ಹೋಗುವಾಗ ಉಳಿದ ಚ್ಯೂವನ್ನೂ ಕೊಂಡೊಯ್ಯಿರಿ: ಎಕ್ಸ್‌ರೇಯಲ್ಲಿ ಕಾಣದ ವಸ್ತು ಯಾವುದು, ಎಷ್ಟು ದೊಡ್ಡದು ಎಂದು ಅವರಿಗೆ ಅದರಿಂದಲೇ ತಿಳಿಯಬೇಕು.